ಬಾಟಲಿಯ ಮುಚ್ಚಳವೇ ನಮ್ಮ ಬೋರ್ಡು

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅತ್ತೆ ಅಪ್ಪೆಮಿಡಿ ಅನ್ನುವ ಎಳೆ ಮಾವಿನ ಉಪ್ಪಿನಕಾಯಿ ಹಾಕುತ್ತಾರೆ, ನಾನು ವೆಬ್‌ಸೈಟ್ ಮತ್ತು ಪಾರ್ಸೆಲ್ ನೋಡಿಕೊಳ್ಳುತ್ತೇನೆ. ಸೈಟ್ ಶುರು ಮಾಡಿದ ಮೊದಲ ವರ್ಷ ಪೂರ್ತಿ ಸರ್ಚ್‌ನಲ್ಲಿ ಮೇಲೆ ಬರಬೇಕು ಅಂತ ಒದ್ದಾಡಿದೆ. ಉಪ್ಪಿನಕಾಯಿ ಹಾಕುವ ಕ್ರಮದ ಬಗ್ಗೆ ಉದ್ದುದ್ದ ಬರೆದೆ. ಜನ ಬಂದರು, ಓದಿದರು, ಹೋದರು. ಬಾಟಲಿ ಹೋಗಲಿಲ್ಲ.

ಆಗ ಆರ್ಡರ್ ಫಾರ್ಮ್‌ನಲ್ಲಿ ಒಂದು ಪ್ರಶ್ನೆ ಸೇರಿಸಿದೆ: ನಮ್ಮ ಬಗ್ಗೆ ಹೇಗೆ ಗೊತ್ತಾಯಿತು? ‘ಅಕ್ಕನ ಮನೇಲಿ ತಿಂದೆ.’ ‘ಆಫೀಸಲ್ಲಿ ಗೆಳತಿ ಮೊಸರನ್ನಕ್ಕೆ ಒಂದು ಮಿಡಿ ಕೊಟ್ಟಳು.’ ಹೆಚ್ಚಿನವು ಇಂಥ ಉತ್ತರಗಳೇ. ಅಂದರೆ ನಮ್ಮ ಪ್ರಚಾರ ಊಟದ ತಟ್ಟೆಯಲ್ಲೇ ನಡೆಯುತ್ತಿತ್ತು. ಆದರೆ ಬಾಟಲಿ ಮೇಲೆ ಸೈಟ್ ವಿಳಾಸವೇ ಇರಲಿಲ್ಲ!

ಮುಚ್ಚಳಕ್ಕೆ ಕ್ಯೂಆರ್ ಕೋಡ್ ಅಂಟಿಸಿದೆವು. ಮೊದಲನೆಯದನ್ನು ಯಾವುದೋ ಪುಕ್ಕಟೆ ಸೈಟಿನಲ್ಲಿ ಮಾಡಿದ್ದೆ. ಕೋಡ್ ಮೊದಲು ಅವರ ವಿಳಾಸಕ್ಕೆ ಹೋಗಿ, ಅಲ್ಲಿಂದ ನಮ್ಮ ಸೈಟಿಗೆ ಬರುತ್ತಿತ್ತು. ಕೆಲವು ತಿಂಗಳಿಗೆ ಅದು ನಿಂತೇ ಹೋಯಿತು. ಅಷ್ಟರಲ್ಲಿ ಬಾಟಲಿಗಳು ಜನರ ಅಡುಗೆಮನೆ ಸೇರಿಯಾಗಿತ್ತು. ತುಂಬಾ ಸಂಕಟವಾಯಿತು. ಈಗ ಕೋಡ್ ಒಳಗೆ ನಮ್ಮದೇ ವಿಳಾಸ ನೇರವಾಗಿ ಇದೆ. ನೀವು ಅಚ್ಚು ಹಾಕಿಸುವ ಮುಂಚೆ ಇದೊಂದನ್ನು ನೋಡಿಕೊಳ್ಳಿ.

ಸುಮ್ನೆ ಕೋಡ್ ಹಾಕಿದರೆ ಯಾರೂ ಸ್ಕ್ಯಾನ್ ಮಾಡುವುದಿಲ್ಲ. ಅದಕ್ಕೆ ಒಂದೊಂದು ಜಾತಿಯ ಮಿಡಿಗೂ ಸೈಟಿನಲ್ಲಿ ಒಂದೊಂದು ಪುಟ ಮಾಡಿದೆ. ಮಾಳಂಜಿಗೆ ಬೇರೆ, ಅನಂತಭಟ್ಟನ ಅಪ್ಪೆಗೆ ಬೇರೆ, ಜೀರಿಗೆ ಮಿಡಿಗೆ ಬೇರೆ. ಯಾವ ಮರದ್ದು, ಉಪ್ಪಿಗೆ ಹಾಕಿದ್ದು ಯಾವ ದಿನ, ಯಾವಾಗಿನಿಂದ ತಿನ್ನಬಹುದು, ಎಲ್ಲ ಅಲ್ಲಿದೆ. ಜೀರಿಗೆ ಮಿಡಿಯ ತೊಟ್ಟು ಮುರಿದು ಮೂಸಿದರೆ ಜೀರಿಗೆಯದೇ ಪರಿಮಳ. ಆ ಸೊನೆ ಜಿನುಗುವ ಫೋಟೋ ಹಾಕಿದ ಮೇಲೆ ಆ ಪುಟವನ್ನು ಎಷ್ಟೋ ಜನ ತಮ್ಮ ಮನೆಯವರ ಗ್ರೂಪಿಗೆ ಕಳಿಸಿದ್ದಾರೆ.

ಇನ್ನೊಂದು ತೊಡಕು ಸೈಟಿನ ಹೆಸರಿನದು. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ, ಅಲ್ವಾ? ‘ತಂಗೀ, ಪಿ ಒಂದಾ ಎರಡಾ?’ ಅಂತ ಹುಬ್ಬಳ್ಳಿಯಿಂದ ಒಬ್ಬ ಹಿರಿಯರು ಫೋನ್ ಮಾಡಿ ಕೇಳಿದ್ದರು. ಅವತ್ತೇ ಎರಡನೇ ಸ್ಪೆಲ್ಲಿಂಗಿನ ವಿಳಾಸವನ್ನೂ ಕೊಂಡು ಅದೇ ಸೈಟಿಗೆ ತಿರುಗಿಸಿದೆ. ಬಾಯಲ್ಲಿ ಹೇಳಿದ್ದನ್ನು ಕೇಳಿದವರು ಬೆರಳಲ್ಲಿ ಒತ್ತಲು ಆಗಬೇಕು. ಬಾಯಿಂದ ಬಾಯಿಗೆ ಹೋಗುವ ವ್ಯಾಪಾರಕ್ಕೆ ಇದಕ್ಕಿಂತ ದೊಡ್ಡದು ಇಲ್ಲ ಅನ್ನಿಸುತ್ತದೆ ನನಗೆ.

2024ರ ಮಾರಿಕಾಂಬಾ ಜಾತ್ರೆಯಲ್ಲಿ ಒಂದು ಮೇಜು ಹಾಕಿದ್ದೆವು. ರುಚಿ ನೋಡಿದವರ ನಂಬರನ್ನು ಅವರನ್ನೇ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನಮ್ಮ ನಂಬರನ್ನೂ ಅಲ್ಲೇ ಸೇವ್ ಮಾಡಿಸಿದೆ. ಯಾಕೆಂದರೆ ವಾಟ್ಸಾಪ್ ಬ್ರಾಡ್‌ಕಾಸ್ಟ್, ಅಂದರೆ ಪಟ್ಟಿಯಲ್ಲಿರುವ ಎಲ್ಲರಿಗೂ ಒಟ್ಟಿಗೆ ಕಳಿಸುವ ಮೆಸೇಜ್, ತಲುಪುವುದು ನಮ್ಮ ನಂಬರ್ ಇಟ್ಟುಕೊಂಡವರಿಗೆ ಮಾತ್ರ. ಒಂದು ಪಟ್ಟಿಗೆ 256 ಜನ ಅಷ್ಟೇ. ವರ್ಷಕ್ಕೆ ಮೂರು ಮೆಸೇಜ್ ಕಳಿಸುತ್ತೇನೆ: ಮಿಡಿ ಬಂದಾಗ, ಉಪ್ಪಿನಕಾಯಿ ತಯಾರಾದಾಗ, ಮುಗಿಯುತ್ತಾ ಬಂದಾಗ. ಗುಡ್ ಮಾರ್ನಿಂಗ್ ಇಲ್ಲ, ಹಬ್ಬದ ಶುಭಾಶಯ ಇಲ್ಲ. ಅದಕ್ಕೇ ಇರಬೇಕು, ಓದುತ್ತಾರೆ. ಕೆಲವರು ‘ಅತ್ತೆ ಹೇಗಿದ್ದಾರೆ?’ ಅಂತಲೂ ಕೇಳುತ್ತಾರೆ.

ಈ ಸಲ ಮಾಳಂಜಿ ಮರದಲ್ಲಿ ಹೂ ಕಡಿಮೆ. ಹೆಚ್ಚೆಂದರೆ ಎರಡು ಭರಣಿ ಆಗಬಹುದು. ಸೈಟಿನಲ್ಲಿ ಹಾಕುವ ಮುಂಚೆ ಜಾತ್ರೆಯ ಆ ನೋಟ್‌ಬುಕ್ಕಿನವರಿಗೆ ತಿಳಿಸುತ್ತೇನೆ.