ಗೋಡೆ, ಬೆನ್ನು, ಮಧ್ಯೆ ಒಂದು ಚೆಂಡು

ಮಂಚದಡಿ ಗುಡಿಸುವಾಗ ಮಗನ ಹಳೇ ಟೆನಿಸ್ ಬಾಲ್ ಸಿಕ್ತು. ಒಂದು ಕಡೆ ಪೂರ್ತಿ ಬೋಳಾಗಿದೆ.

ಗೋಡೆಗೂ ಬೆನ್ನಿಗೂ ಮಧ್ಯೆ ಅದನ್ನಿಟ್ಟು ಮೆಲ್ಲಗೆ ಒರಗಿದೆ. ಹೆಗಲಮೂಳೆ ಪಕ್ಕ ಆ ಗಂಟು ಇದೆಯಲ್ಲ, ವರ್ಷಗಳಿಂದ ಬಾಡಿಗೆ ಕೊಡದೆ ಕೂತಿರೋದು, ಚೆಂಡು ಅದರ ಮೇಲೆ ಬಂದಾಗ ಒಂದು ಕ್ಷಣ ಉಸಿರೇ ನಿಂತ್ಹೋಯ್ತು. ಅಲ್ಲೇ ಅರ್ಧ ನಿಮಿಷ ಹಾಗೇ ನಿಂತೆ. (ಬೆನ್ನುಮೂಳೆ ಮೇಲೆ ಮಾತ್ರ ಒತ್ತಬೇಡಿ, ಪಕ್ಕದ ಮಾಂಸಖಂಡಕ್ಕಷ್ಟೇ.)

ಆಮೇಲೆ ಬಿಸಿನೀರಿನ ಚೀಲ, ಬಟ್ಟೆ ಸುತ್ತಿ, 15 ನಿಮಿಷ.

ನೋವು ಹೋಯ್ತಾ? ಇಲ್ಲಪ್ಪ. ಸ್ವಲ್ಪ ಸರಿದು ಕೂತಿದೆ. ಕತ್ತು ತಿರುಗ್ತಿದೆ, ಅಷ್ಟು ಸಾಕು.

ಅಲ್ಲಾಡದೆ ಕೂತಷ್ಟೂ ಸ್ನಾಯು ಬಿಗಿಯುತ್ತೆ ಅಂತ ಗೊತ್ತಿದ್ದೂ ಇಷ್ಟು ದಿನ ಸೋಫಾ ಬಿಟ್ಟೇಳಲಿಲ್ಲ ನಾನು.

ಮಗ ಈಗ ಚೆಂಡು ವಾಪಸ್ ಕೇಳ್ತಿದ್ದಾನೆ. ಕೊಡಲ್ಲ.