ಇನ್ಸುಲಿನ್ ಮಿದುಳಿಗೆ ಹೋದಾಗ ಕೊಬ್ಬಿಗೇನಾಗುತ್ತದೆ?

‘ಇನ್ಸುಲಿನ್ ಮಟ್ಟ ಮೇಲಿದ್ದರೆ ಕೊಬ್ಬು ಕರಗೋದೇ ಇಲ್ಲ’ ಅನ್ನುವ ಮಾತು ಈಗ ಜಿಮ್‌ನಿಂದ ಹಿಡಿದು ಮನೆಯ ವಾಟ್ಸಾಪ್ ಗುಂಪಿನವರೆಗೆ ಎಲ್ಲೆಡೆ ಇದೆ. ಸುಳ್ಳಲ್ಲ, ಆದರೆ ಅರ್ಧ ಮಾತು. ಕೊಬ್ಬಿನ ಕೋಶದಲ್ಲಿ ಇನ್ಸುಲಿನ್ ಏನು ಮಾಡುತ್ತದೆ ಎಂಬುದಷ್ಟೇ ಅದರಲ್ಲಿದೆ. ಅದೇ ಇನ್ಸುಲಿನ್ ಮಿದುಳಿನಲ್ಲೂ ಕೆಲಸ ಮಾಡುತ್ತದೆ, ಅಲ್ಲಿಂದ ಕೊಬ್ಬಿಗೆ ಬೇರೆಯೇ ದಾರಿಯಲ್ಲಿ ಆಜ್ಞೆ ಹೋಗುತ್ತದೆ.

ಮೊದಲು ಗೊತ್ತಿರುವ ಅರ್ಧ. ವ್ಯಾಯಾಮ ಶುರುವಾದಾಗ ದೇಹವನ್ನು ಓಟಕ್ಕೆ ಅಣಿಮಾಡುವ ಸಿಂಪಥೆಟಿಕ್ ನರಗಳು ಚುರುಕಾಗಿ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಸುರಿಸುತ್ತವೆ. ಕೊಬ್ಬಿನ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣು ಏರುತ್ತದೆ, ಎಟಿಜಿಎಲ್ ಮತ್ತು ಎಚ್‌ಎಸ್‌ಎಲ್ ಎಂಬ ಕಿಣ್ವಗಳು ಶೇಖರವಾದ ಕೊಬ್ಬನ್ನು ಒಡೆದು ಫ್ಯಾಟಿ ಆಸಿಡ್‌ಗಳನ್ನು ರಕ್ತಕ್ಕೆ ಬಿಡುತ್ತವೆ. ಇನ್ಸುಲಿನ್ ಈ ಸೈಕ್ಲಿಕ್ ಎಎಂಪಿಯನ್ನೇ ನಾಶಮಾಡಿಸುತ್ತದೆ, ಅದೂ ತಾನು ರಕ್ತದಲ್ಲಿ ಬಹಳ ಕಡಿಮೆ ಇದ್ದಾಗಲೇ. ಹಾಗಾಗಿಯೇ ವ್ಯಾಯಾಮದ ಹೊತ್ತಿಗೆ ದೇಹ ತಾನಾಗಿ ಇನ್ಸುಲಿನ್ ಇಳಿಸಿಕೊಳ್ಳುತ್ತದೆ. ಅದೇ ನರಗಳು ಇನ್ಸುಲಿನ್ ತಯಾರಿಸುವ ಪ್ಯಾಂಕ್ರಿಯಾಸ್‌ನ ಬೀಟಾ ಕೋಶಗಳಿಗೂ ‘ಸಾಕು’ ಎನ್ನುತ್ತವೆ. ಹಾಗಾದರೆ ಸ್ನಾಯುವಿಗೆ ಸಕ್ಕರೆ ಸಿಗುವುದು ಹೇಗೆ? ಸ್ನಾಯು ಸಂಕುಚಿಸುವುದರಿಂದಲೇ ಗ್ಲೂಕೋಸ್ ಒಳಗೆ ಬರುವ ದಾರಿ ತೆರೆಯುತ್ತದೆ, ಅದಕ್ಕೆ ಇನ್ಸುಲಿನ್ ಅಪ್ಪಣೆ ಬೇಕಿಲ್ಲ.

ಇನ್ನು ಮಿದುಳು. ಇಲಿಯ ಮಿದುಳಿನಲ್ಲಿ ಇನ್ಸುಲಿನ್ ಗ್ರಾಹಕಗಳಿವೆ ಎಂದು 1978ರಲ್ಲೇ ವರದಿಯಾಯಿತು. 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಲಿಗಳ ಮಿದುಳಿನಲ್ಲಿ ಹಸಿವು ಮುಂತಾದವನ್ನು ನಿಯಂತ್ರಿಸುವ ಹೈಪೊಥಲಾಮಸ್‌ನ ತಳಭಾಗಕ್ಕೆ ಮಾತ್ರ ಅತಿ ಸಣ್ಣ ಪ್ರಮಾಣದ ಇನ್ಸುಲಿನ್ ಹರಿಸಿದರು. ಎಲ್ಲೋ ದೂರದ ಕೊಬ್ಬಿನಲ್ಲಿ ಒಡೆಯುವ ಕೆಲಸ ತಗ್ಗಿತು. ಕಾರಣ, ಹೈಪೊಥಲಾಮಸ್ ಕೊಬ್ಬಿಗೆ ಹೋಗುವ ಸಿಂಪಥೆಟಿಕ್ ನರಗಳ ಸದ್ದು ತಗ್ಗಿಸಿತ್ತು. ತೆಳ್ಳಗಿನ ಪುರುಷರಿಗೆ ಮೂಗಿನ ಮೂಲಕ 160 ಯೂನಿಟ್ ಇನ್ಸುಲಿನ್ ಕೊಟ್ಟಾಗಲೂ ರಕ್ತದ ಫ್ಯಾಟಿ ಆಸಿಡ್ ಇಳಿದಿದೆ. ಅಂದರೆ ಬ್ರೇಕ್ ಒಂದಲ್ಲ, ಎರಡು: ಒಂದು ಕೋಶದ ಬಾಗಿಲಲ್ಲೇ, ಇನ್ನೊಂದು ಮಿದುಳಿನಿಂದ ನರದ ಮೂಲಕ.

ಮೂಗೇ ಏಕೆ? ವಾಸನೆಯ ನರ ಮತ್ತು ಮುಖದ ಟ್ರೈಜೆಮಿನಲ್ ನರದ ಉದ್ದಕ್ಕೂ ಇನ್ಸುಲಿನ್ ನೇರವಾಗಿ ಮಿದುಳಿನತ್ತ ಸಾಗುತ್ತದೆ, ರಕ್ತಕ್ಕೆ ಸೇರುವುದು ಸ್ವಲ್ಪವೇ. ಆ ‘ಸ್ವಲ್ಪ’ವೇ ಫಲಿತಾಂಶ ಕೆಡಿಸಬಲ್ಲದು. ಅದಕ್ಕೇ ಜಾಗರೂಕ ಪ್ರಯೋಗಗಳಲ್ಲಿ ಪ್ಲಾಸಿಬೊ (ಇನ್ಸುಲಿನ್ ಇಲ್ಲದ ಹುಸಿ ಸ್ಪ್ರೇ) ದಿನ ರಕ್ತಕ್ಕೆ ಅಷ್ಟೇ ಇನ್ಸುಲಿನ್ ಹರಿಸಿ ಸರಿದೂಗಿಸುತ್ತಾರೆ. ಹಾಗೆ ಮಾಡದ ಅಧ್ಯಯನದ ‘ಮಿದುಳಿನ ಪರಿಣಾಮ’ವನ್ನು ನಾನಂತೂ ಪೂರ್ತಿ ನಂಬುವುದಿಲ್ಲ. ಇದನ್ನು ಓದಿ ಯಾರೂ ಫ್ರಿಜ್‌ನಲ್ಲಿರುವ ಇನ್ಸುಲಿನ್ ಅನ್ನು ಮೂಗಿಗೆ ಹಾಕಿಕೊಳ್ಳಬೇಡಿ.

ಗೊಂದಲ ಶುರುವಾಗುವುದು ಇಲ್ಲಿ. ಮಿದುಳಿನ ಇನ್ಸುಲಿನ್ ಕೊಬ್ಬಿಗೆ ಬ್ರೇಕ್ ಹಾಕುವುದಾದರೆ, ಅದು ಮಿದುಳಿಗೆ ಕೇಳಿಸದಿರುವುದೇ ಒಳ್ಳೆಯದಲ್ಲವೇ? ಜರ್ಮನಿಯ ಟ್ಯೂಬಿಂಗನ್‌ನ ದೀರ್ಘಕಾಲದ ಅಧ್ಯಯನ ಇದಕ್ಕೆ ತದ್ವಿರುದ್ಧ ಹೇಳುತ್ತದೆ. ಆಹಾರ, ವ್ಯಾಯಾಮದ ಕಾರ್ಯಕ್ರಮಕ್ಕೆ ಸೇರಿದವರಲ್ಲಿ ಯಾರ ಮಿದುಳು ಇನ್ಸುಲಿನ್‌ಗೆ ಚೆನ್ನಾಗಿ ಸ್ಪಂದಿಸುತ್ತಿತ್ತೋ ಅವರೇ ಹೆಚ್ಚು ತೂಕ ಇಳಿಸಿದರು, ಹೊಟ್ಟೆಯೊಳಗಿನ ಕೊಬ್ಬೂ ಅವರಲ್ಲೇ ಹೆಚ್ಚು ಕರಗಿತು. ಸ್ಪಂದಿಸದವರಲ್ಲಿ ತೂಕ ಮರಳಿ ಬಂತು. 2004ರ ಇನ್ನೊಂದು ಪ್ರಯೋಗದಲ್ಲಿ ದಿನಕ್ಕೆ ನಾಲ್ಕು ಬಾರಿ, ಎಂಟು ವಾರ ಮೂಗಿನ ಇನ್ಸುಲಿನ್ ಪಡೆದ ಗಂಡಸರು ಸುಮಾರು 1.4 ಕಿಲೋ ಕೊಬ್ಬು ಕಳೆದುಕೊಂಡರು, ಹೆಂಗಸರಲ್ಲಿ ಹಾಗಾಗಲಿಲ್ಲ. ನನ್ನ ಓದಿನ ಪ್ರಕಾರ ಇದು ವಿರೋಧವಲ್ಲ, ಕಾಲಮಾನದ ವ್ಯತ್ಯಾಸ. ಊಟವಾದ ತಾಸೆರಡು ತಾಸು ಕೊಬ್ಬನ್ನು ತಡೆದಿಡುವುದು ಒಂದು ಕೆಲಸ, ತಿಂಗಳುಗಟ್ಟಲೆ ಹಸಿವನ್ನೂ ಬಾಯಿಚಪಲವನ್ನೂ ಅಳತೆಯಲ್ಲಿಡುವುದು ಇನ್ನೊಂದು.

ವ್ಯಾಯಾಮ ಈ ಎರಡನೆಯದನ್ನು ಸರಿಪಡಿಸುತ್ತದೆ ಎಂಬ ಸುಳಿವೂ ಟ್ಯೂಬಿಂಗನ್‌ನಿಂದಲೇ ಬಂದದ್ದು, 2022ರಲ್ಲಿ. ಹೆಚ್ಚು ತೂಕದ, ಕೂತೇ ಇರುವ ಜೀವನಶೈಲಿಯ 21 ಜನ, ವಾರಕ್ಕೆ ಮೂರು ದಿನ, ದಿನಕ್ಕೊಂದು ಗಂಟೆ, ಎಂಟು ವಾರ. ಮಿದುಳಿನ ಪುಟಾಮೆನ್ ಎಂಬ ಭಾಗದಲ್ಲಿ ಇನ್ಸುಲಿನ್ ಸ್ಪಂದನೆ ಮರಳಿತು, ಸ್ನಾಯುವಿನ ಮೈಟೊಕಾಂಡ್ರಿಯಾದ (ಕೋಶದೊಳಗೆ ಶಕ್ತಿ ಉತ್ಪಾದಿಸುವ ಭಾಗ) ಉಸಿರಾಟದ ಸುಧಾರಣೆಯೂ ಅದರ ಜೊತೆಗೇ ಹೆಜ್ಜೆ ಹಾಕಿತು. ಯಾವುದು ಯಾವುದರ ಕಾರಣ ಎಂದು ಇದರಿಂದ ಹೇಳಲಾಗದು. 21 ಜನ ಸಣ್ಣ ಸಂಖ್ಯೆಯೇ.

ಈಗ ಲೆಕ್ಕ. 300 ಜನರನ್ನು ಪರೀಕ್ಷಿಸಿದ ಅಧ್ಯಯನವೊಂದರಲ್ಲಿ ಕೊಬ್ಬು ಅತಿ ಹೆಚ್ಚು ಉರಿದದ್ದು ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯದ ಶೇ. 48ರ ಹತ್ತಿರ, ಅಂದರೆ ಗರಿಷ್ಠ ಹೃದಯ ಬಡಿತದ ಶೇ. 62ರ ಆಸುಪಾಸಿನಲ್ಲಿ. 45 ವರ್ಷದವರಿಗೆ ಇದು ನಿಮಿಷಕ್ಕೆ ಸುಮಾರು 108 ಬಡಿತ: ಬಿರುಸು ನಡಿಗೆ, ಆದರೆ ಪೂರ್ತಿ ವಾಕ್ಯ ಮಾತಾಡಬಹುದು. ಹೃದಯ ಬಡಿತ ತಗ್ಗಿಸುವ ಮೆಟೊಪ್ರೊಲಾಲ್, ಅಟೆನೊಲಾಲ್ ಮಾತ್ರೆ ನುಂಗುವವರು ಬಡಿತ ನೋಡಬೇಡಿ, ಮಾತಿನ ಅಳತೆಯೇ ಸರಿ. ಉರಿಯುವುದೆಷ್ಟು? ನಿಮಿಷಕ್ಕೆ ಸರಾಸರಿ ಅರ್ಧ ಗ್ರಾಮಿನೊಳಗೆ. 45 ನಿಮಿಷಕ್ಕೆ ಹೆಚ್ಚೆಂದರೆ 22 ಗ್ರಾಮ್, ಎರಡು ದೊಡ್ಡ ಚಮಚ ತುಪ್ಪಕ್ಕಿಂತ ಕಡಿಮೆ.

ಹೊರಡುವ ಅರ್ಧ ಗಂಟೆ ಮುಂಚೆ ಸಕ್ಕರೆ ಕಾಫಿ, ಎರಡು ಬಾಳೆಹಣ್ಣು ತಿಂದರೆ ಈ ಅಂಕಿ ಇನ್ನೂ ಇಳಿಯುತ್ತದೆ. ಎರಡೂ ಬ್ರೇಕ್ ಒಟ್ಟಿಗೆ ಬಿದ್ದಿರುತ್ತವೆ. ಖಾಲಿ ಹೊಟ್ಟೆಯಲ್ಲಿ ಏರುತ್ತದೆ. ಆದರೆ ‘ಆಗ ಉರಿದದ್ದು’ ಮತ್ತು ‘ಮೈಯಿಂದ ಹೋದದ್ದು’ ಒಂದೇ ಅಲ್ಲ. 2014ರಲ್ಲಿ 20 ಯುವತಿಯರಿಗೆ ಒಂದೇ ಅಳತೆಯ ಕಡಿಮೆ ಕ್ಯಾಲರಿ ಊಟ, ವಾರಕ್ಕೆ ಮೂರು ಗಂಟೆ ವ್ಯಾಯಾಮ ಕೊಟ್ಟು ನೋಡಿದರು. ನಾಲ್ಕು ವಾರದ ನಂತರ ಖಾಲಿ ಹೊಟ್ಟೆಯವರಿಗೂ ತಿಂದು ಬಂದವರಿಗೂ ಕೊಬ್ಬಿನ ಇಳಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಹೊಟ್ಟೆ ಖಾಲಿ ಇರಬೇಕೋ ಬೇಡವೋ ಎಂದು ಜಗಳವಾಡುವ ಬದಲು ವಾರಕ್ಕೆ ಮೂರು ದಿನ ತಪ್ಪದಿರುವುದೇ ಮೇಲು.

ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಪ್ಯಾಂಕ್ರಿಯಾಸ್‌ನಿಂದ ಇನ್ಸುಲಿನ್ ಹೊರಡಿಸುವ ಗ್ಲಿಮೆಪಿರೈಡ್ ಮಾತ್ರೆಯವರಿಗೂ ಈ ಲೆಕ್ಕ ಅನ್ವಯಿಸದು. ಚುಚ್ಚಿದ ಇನ್ಸುಲಿನ್ ವ್ಯಾಯಾಮ ಶುರುವಾಯಿತೆಂದು ತಾನಾಗಿ ಇಳಿಯುವುದಿಲ್ಲ, ಸ್ನಾಯು ಬೇರೆ ಸಕ್ಕರೆ ಎಳೆಯುತ್ತಿರುತ್ತದೆ, ಶುಗರ್ ದಡಕ್ಕನೆ ಬೀಳುತ್ತದೆ. ಹೊರಡುವ ಮುಂಚೆ ಗ್ಲೂಕೋಮೀಟರ್ 90ಕ್ಕಿಂತ ಕಡಿಮೆ ತೋರಿಸಿದರೆ 15ರಿಂದ 30 ಗ್ರಾಮ್ ಕಾರ್ಬೋಹೈಡ್ರೇಟ್ ತಿಂದೇ ಹೊರಡಿ. ಟೈಪ್ 1 ಮಧುಮೇಹ ಇದ್ದು 250 ದಾಟಿದ್ದರೆ ಕೀಟೋನ್ (ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಏರುವ ಆಮ್ಲ) ನೋಡದೆ ಓಡಬೇಡಿ. ಸೈಕಲ್ ತುಳಿಯುವ ದಿನ ತೊಡೆಗೆ ಚುಚ್ಚಬೇಡಿ, ಇನ್ಸುಲಿನ್ ಬೇಗ ರಕ್ತಕ್ಕೆ ಸೇರುತ್ತದೆ. ಸಂಜೆ ಜೋರಾಗಿ ವ್ಯಾಯಾಮ ಮಾಡಿದ್ದರೆ ಮಲಗುವ ಮುಂಚೆ ಇನ್ನೊಮ್ಮೆ ಶುಗರ್ ನೋಡಿ. ಸ್ನಾಯು ಖಾಲಿಯಾದ ಗ್ಲೈಕೊಜೆನ್ (ಕೂಡಿಟ್ಟ ಸಕ್ಕರೆ) ತುಂಬಿಕೊಳ್ಳುವ ಕೆಲಸ ರಾತ್ರಿಯೂ ನಡೆದಿರುತ್ತದೆ.