ಮುತ್ತಲ ಹೂವಿನ ಓಕುಳಿಗೆ ಸುಣ್ಣ ಎಷ್ಟು?

ಹೋಳಿ ಹುಣ್ಣಿಮೆ ಹತ್ತಿರ ಬಂತೆಂದರೆ ಚಿಂಚೋಳಿ, ಬೀದರ ಕಡೆ ಮುತ್ತಲ (ಮುತ್ತುಗ) ಗಿಡದಲ್ಲಿ ಎಲೆಯೇ ಕಾಣಿಸದು, ಬರೀ ಹೂವು. ಗಿಳಿಮೂತಿಯಂಥ ಆ ಹೂವಿಗೇ ಸಂಸ್ಕೃತದವರು ಕಿಂಶುಕ ಅಂದದ್ದು, 'ಇದೇನು ಗಿಳಿಯೋ?' ಅಂತ. ಓಕುಳಿಗೆ ಇದನ್ನು ಕುದಿಸಿದವರು ಬಹಳ ಮಂದಿ 'ಬಣ್ಣವೇ ಬರಲಿಲ್ಲ, ಹಳದಿ ನೀರಾಯ್ತು' ಅಂತಾರೆ. ತಪ್ಪು ಹೂವಿನದಲ್ಲ, ಸುಣ್ಣದ್ದು.

ಬೆಳಿಗ್ಗೆ ಗಿಡದ ಕೆಳಗೆ ಉದುರಿದ ಹೂವೇ ಸಾಕು. ಅಭಯಾರಣ್ಯದೊಳಗೆ ಕೈ ಹಾಕಬೇಡಿ, ಹೊಲದ ಬದುವಿನಲ್ಲೇ ಬೇಕಾದಷ್ಟು ಸಿಗುತ್ತದೆ. ಬುಡದ ಕಪ್ಪು ಮಖಮಲ್ಲಿನಂಥ ತೊಟ್ಟು ಕಿತ್ತು ನೆರಳಲ್ಲಿ ಒಣಗಿಸಿ. ತೊಟ್ಟು ಉಳಿದರೆ ನೀರು ರಾಡಿಯಾಗುತ್ತದೆ. ಒಣಗಿದ 100 ಗ್ರಾಂ ಹೂವಿಗೆ 2 ಲೀಟರ್ ನೀರು. ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸಿ, ಬಟ್ಟೆಯಲ್ಲಿ ಸೋಸಿ. ಪಾತ್ರೆ ಸ್ಟೀಲಿನದೇ ಇರಲಿ. ಕಬ್ಬಿಣದ ಬಾಣಲೆಯಲ್ಲಿ ಬಣ್ಣ ಕಪ್ಪಿಡುತ್ತದೆ.

ಇಷ್ಟಾದರೂ ಹಳದಿಯೇ. ಎಲೆಯಡಿಕೆ ಸುಣ್ಣ ಕಡಲೆಕಾಳಿನಷ್ಟು ಒಂದು ಲೋಟ ನೀರಲ್ಲಿ ಕದಡಿ, ತಳ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಚಮಚೆ ಚಮಚೆಯಾಗಿ ಹಾಕುತ್ತಾ ತಿರುವಿ. ಹಾಕುತ್ತಾ ಹೋದಂತೆ ಹಳದಿ ಕಿತ್ತಳೆಗೆ ಹೊರಳುವುದು ಕಣ್ಣೆದುರೇ ಕಾಣುತ್ತದೆ. ಅಲ್ಲಿಗೆ ನಿಲ್ಲಿಸಿ. ಗಟ್ಟಿ ಸುಣ್ಣವನ್ನೇ ಹಾಕಿದರೆ ಬಣ್ಣ ಕಂದಾಗುತ್ತದೆ, ಮೈ ಉರಿಯುತ್ತದೆ, ಕಣ್ಣಿಗಂತೂ ಅಪಾಯ. ಕೆಂಪು ಹೆಚ್ಚಾಯಿತೇ, ನಾಲ್ಕು ಹನಿ ನಿಂಬೆರಸ ಬಿಟ್ಟರೆ ಹಿಂದಕ್ಕೆ ಬರುತ್ತದೆ. ಸೇಡಂ, ಶಹಾಬಾದ ಸುತ್ತ ನೆಲವೇ ಸುಣ್ಣದಕಲ್ಲು. ಅಲ್ಲಿನ ಗಡಸು ಬೋರ್ ನೀರಿಗೆ ತಿಳಿ ಇನ್ನೂ ಕಡಿಮೆ ಸಾಕು. ಅಂದೇ ಮಾಡಿ ಅಂದೇ ಆಡಬೇಕು. ಈ ಬಿಸಿಲಿಗೆ ಮರುದಿನಕ್ಕೆ ಹುಳಿತು ನಾರುತ್ತದೆ.

ಅರಿಶಿನಕ್ಕೆ ಸುಣ್ಣ ಬೆರೆಸಿದ ಕೆಂಪು ಓಕುಳಿಯೂ ಇದೇ ಲೆಕ್ಕ. ಅರಿಶಿನ ಬಿದ್ದ ಬಿಳಿ ಅಂಗಿಗೆ ಸಾಬೂನು ಹಚ್ಚಿದಾಗ ಕೆಂಪಾದರೆ ಗಾಬರಿ ಬೇಡ, ಅದು ಸಾಬೂನಿನ ಕ್ಷಾರದ ಕೆಲಸ. ಜಾಲಿಸಿ ಬಿಸಿಲಿಗೆ ಹಾಕಿದರೆ ದಿನ ಕಳೆದಂತೆ ಮಾಸುತ್ತದೆ.

ಹೋಳಿಯ ಬೆಂಕಿಯಲ್ಲಿ ಸುಡುವುದು ಉತ್ತರದವರಿಗೆ ಹೋಲಿಕಾ, ನಮಗೆ ಕಾಮಣ್ಣ. ತಪಸ್ಸಿಗೆ ಕೂತ ಶಿವನ ಮೇಲೆ ಹೂಬಾಣ ಬಿಟ್ಟು ಹಣೆಗಣ್ಣಿಗೆ ಸುಟ್ಟುಹೋದ ಮನ್ಮಥ. ಹಲಗೆ ಬಡಿದು ಲಬೋ ಲಬೋ ಎಂದು ಬಾಯಿ ಬಡಿದುಕೊಳ್ಳುವುದು ಅವನ ಸಾವಿಗೆ. ಗದ್ದಲ ಅಂತ ಬೈಯುವವರು ಇದನ್ನು ಮರೆಯುತ್ತಾರೆ. ಪಂಚಾಂಗ ನೋಡುವವರು ಹುಣ್ಣಿಮೆ ತಿಥಿಯ ಮೊದಲರ್ಧದ ಭದ್ರೆ ಎಂಬ ಅಶುಭ ಹೊತ್ತು ಕಳೆಯುವವರೆಗೆ ಬೆಂಕಿ ಇಡುವುದಿಲ್ಲ. ಸಗಣಿ ಕುಳ್ಳು ಚೆನ್ನಾಗಿ ಒಣಗಿರಬೇಕು, ಹಸಿ ಇದ್ದರೆ ಓಣಿ ತುಂಬ ಹೊಗೆಯೇ. ಆ ಕೆಂಡದಲ್ಲಿ ಕಡಲೆ ಹುರಿದು ತಿಂದರೆ ಹಲ್ಲು ಗಟ್ಟಿ ಅನ್ನುತ್ತಾರೆ. ಹಲ್ಲಿನ ಮಾತು ಹೇಗೋ, ಕಡಲೆ ಮಾತ್ರ ರುಚಿ. ತಾಂಡಾಗಳಲ್ಲಿ ಲಂಬಾಣಿಗರ ಲೇಂಗಿ ಹಾಡು ಕೇಳುವುದೂ ಇದೇ ಹೊತ್ತಿಗೆ.

ಬಣ್ಣ ಆಡುವ ಮೊದಲು ಮೈಗೆ, ತಲೆಗೆ ಕೊಬ್ಬರಿ ಎಣ್ಣೆ. ಬೆಳ್ಳಿ ಬಣ್ಣದ ಪೇಂಟ್ ಬಳಿದುಕೊಂಡವರು ಸೀಮೆಎಣ್ಣೆ ಹಚ್ಚಿ ತಿಕ್ಕಬೇಡಿ, ಚರ್ಮ ಸುಲಿಯುತ್ತದೆ. ಎಣ್ಣೆ, ಕಡಲೆಹಿಟ್ಟು, ತಾಳ್ಮೆ ಸಾಕು.

ಅಂಗಳದ ಶಹಾಬಾದ ಕಲ್ಲಿಗೆ ಕಲೆ ಬಿದ್ದರೆ ನಿಂಬೆ, ಆ್ಯಸಿಡ್ ಎರಡೂ ಬೇಡ. ಸುಣ್ಣದಕಲ್ಲಲ್ಲವೇ, ಬುರುಬುರು ನೊರೆ ಬಂದು ಬಣ್ಣದ ಜೊತೆ ಕಲ್ಲಿನ ಹೊಳಪೂ ಹೋಗುತ್ತದೆ. ಆಡುವ ಮೊದಲೇ ಕಲ್ಲನ್ನು ನೀರು ಹಾಕಿ ತೋಯಿಸಿಡಿ. ಒಣಕಲ್ಲು ಹೀರಿದಷ್ಟು ತೊಯ್ದ ಕಲ್ಲು ಬಣ್ಣ ಹೀರುವುದಿಲ್ಲ.